ರಬ್ಬರ್ ಮೌಂಟಿಂಗ್‌ಗೆ ಮಾಡೆಲ್ ಆರಿಸಿದ ಬಗೆ

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ರಬ್ಬರ್ ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್ ಬಳೆ), ಎಂಜಿನ್ ಮೌಂಟಿಂಗ್‌ಗಳ (ಎಂಜಿನ್ ಹೊತ್ತು ನಡುಕ ತಡೆಯುವ ರಬ್ಬರ್ ಆಧಾರ) ಡಿಸೈನ್ ನನ್ನ ಕೆಲಸ. ನಮಗೆ ಬರುವ ಡ್ರಾಯಿಂಗ್‌ನಲ್ಲಿ ರಬ್ಬರ್ ಬಗ್ಗೆ ಹೆಚ್ಚಾಗಿ ಒಂದೇ ಮಾತಿರುತ್ತದೆ: ಶೋರ್ ಎ 60, ಅಂದರೆ ರಬ್ಬರ್‌ನ ಗಡಸುತನ ಅಳೆಯುವ ಅಂಕಿ. ಗಡಸುತನ ಒಂದೇ ಇದ್ದರೂ ಎರಡು ಕಾಂಪೌಂಡ್‌ಗಳು (ರಬ್ಬರ್ ಮಿಶ್ರಣಗಳು) ಜಾಸ್ತಿ ಎಳೆದಾಗ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಹಾಗಾಗಿ ಆ ಅಂಕಿಯಿಂದ ಲೆಕ್ಕ ಶುರು ಮಾಡಲು ನಾನು ಒಪ್ಪುವುದಿಲ್ಲ.

ರಬ್ಬರ್‌ನ ಸ್ಟ್ರೆಸ್-ಸ್ಟ್ರೇನ್ ಗೆರೆ, ಅಂದರೆ ಎಷ್ಟು ಹಿಗ್ಗಿದರೆ (ಸ್ಟ್ರೇನ್) ಒಳಗೆ ಎಷ್ಟು ಒತ್ತಡ (ಸ್ಟ್ರೆಸ್) ಅನ್ನುವ ಗೆರೆ, ಬಾಗಿರುತ್ತದೆ. ನೇರ ಗೆರೆಯ ಏರನ್ನು ಹೇಳುವ ಒಂದು ಯಂಗ್ಸ್ ಮಾಡ್ಯುಲಸ್ ಹಾಕಿದರೆ ಸಾಲದು. ಎಳೆದಾಗ ಒಳಗೆ ಕೂಡುವ ಶಕ್ತಿಗೆ ಮೊದಲು ಸೂತ್ರ ಬರೆದು, ಅದರಿಂದ ಸ್ಟ್ರೆಸ್ ತೆಗೆಯಬೇಕು. ಮೂನಿ-ರಿವ್ಲಿನ್, ಯೋ, 1972ರ ಆಗ್ಡನ್ ಎಲ್ಲವೂ ಇಂಥ ಸೂತ್ರಗಳೇ, ಇವನ್ನೇ ಮಾಡೆಲ್ ಅನ್ನುತ್ತೇವೆ.

ಯಾವುದನ್ನು ಆರಿಸುವುದು? ಆ ಭಾಗ ಗಾಡಿಯಲ್ಲಿ ಹೇಗೆ ವಿರೂಪಗೊಳ್ಳುತ್ತದೆ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ. ನಮ್ಮ ಮೌಂಟಿಂಗ್ ಭಾರಕ್ಕೆ ಅಮುಕಿಕೊಳ್ಳುತ್ತದೆ, ಜೊತೆಗೆ ಓರೆಯಾಗುತ್ತದೆ. ಲ್ಯಾಬ್‌ನಲ್ಲಿ ಸುಲಭವಾಗಿ ಸಿಗುವುದು ಡಂಬೆಲ್ ಆಕಾರದ ರಬ್ಬರ್ ತುಂಡನ್ನು ಎಳೆದ ಡೇಟಾ ಮಾತ್ರ. ಅದಕ್ಕಷ್ಟೇ ಮೂನಿ-ರಿವ್ಲಿನ್ ಹೊಂದಿಸಿದರೆ ಎಳೆತದಲ್ಲಿ ಗೆರೆ ಚೆನ್ನಾಗಿ ಕೂರುತ್ತದೆ, ಅಮುಕುವಾಗ ಮಾತ್ರ ರಬ್ಬರ್ ಇರುವುದಕ್ಕಿಂತ ಬಿಗಿಯಾಗಿ ಕಾಣಬಹುದು. ರಬ್ಬರ್‌ನ ಒಟ್ಟು ಘನಗಾತ್ರ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಹಾಗಾಗಿ ಒಂದು ದಿಕ್ಕಿನಲ್ಲಿ ಅಮುಕುವುದೂ ಉಳಿದೆರಡು ದಿಕ್ಕಿನಲ್ಲಿ ಸಮನಾಗಿ ಎಳೆಯುವುದೂ ಒಂದೇ ವಿರೂಪ. ಆ ಡೇಟಾ ಇಲ್ಲದೆ ಮಾಡೆಲ್‌ಗೆ ಅದು ಹೇಗೆ ಗೊತ್ತಾಗಬೇಕು, ಅಲ್ವಾ? ನಾವು ಅಗಲ ಪಟ್ಟಿಯನ್ನು ಎಳೆಯುವ ಪ್ಲೇನರ್ ಟೆಸ್ಟ್ ಸೇರಿಸಿದೆವು, ಎರಡು ದಿಕ್ಕಿನಲ್ಲೂ ಸಮನಾಗಿ ಎಳೆಯುವ ಟೆಸ್ಟ್ ಹೊರಗೆ ಮಾಡಿಸಿದೆವು. ಮೂರಕ್ಕೂ ಒಟ್ಟಿಗೆ ಹೊಂದಿಸಿದಾಗ ನಮ್ಮ ಕಾಂಪೌಂಡ್‌ಗೆ ಮೂರು ಪದಗಳ (ಟರ್ಮ್‌ಗಳ) ಯೋ ಸೂತ್ರ ಸರಿಬಂತು. ಎಳೆತದ ಡೇಟಾ ಒಂದೇ ಇದ್ದರೂ ನಾನು ಯೋ ಕಡೆಗೇ ಹೋಗುತ್ತೇನೆ, ಅದು ಕೈಕೊಡುವುದು ಕಡಿಮೆ.

ಇನ್ನೊಂದು ವಿಷಯಕ್ಕೆ ನಾನು ತುಂಬಾ ಹಟ ಮಾಡುತ್ತೇನೆ. ಕಾರ್ಬನ್ ಬ್ಲ್ಯಾಕ್ (ಗಟ್ಟಿತನಕ್ಕೆ ಬೆರೆಸುವ ಮಸಿಪುಡಿ) ಸೇರಿದ ಹೊಸ ರಬ್ಬರ್ ಮೊದಲ ಸಲ ಎಳೆದಾಗ ಬಿಗಿ, ಆಮೇಲೆ ಮೆತ್ತಗೆ. ಇದೇ ಮುಲಿನ್ಸ್ ಪರಿಣಾಮ. ಗಾಡಿಯಲ್ಲಿ ಓಡಿದ ಮೌಂಟಿಂಗ್‌ನ ಸ್ವಭಾವ ಬೇಕಿದ್ದರೆ, ಅದು ಕಾಣುವ ಸ್ಟ್ರೇನ್‌ವರೆಗೆ ತುಂಡನ್ನು ಕೆಲವು ಸಲ ಎಳೆದು ಬಿಟ್ಟು, ನೆಲೆ ನಿಂತ ಗೆರೆಯನ್ನೇ ತೆಗೆದುಕೊಳ್ಳಬೇಕು. ಭಾಗ 50% ಮಾತ್ರ ಹಿಗ್ಗುವಾಗ 300%ವರೆಗೆ ಎಳೆದರೆ ತುಂಡು ಬೇಕಾದ್ದಕ್ಕಿಂತ ಮೆತ್ತಗಾಗುತ್ತದೆ.

ಲೆಕ್ಕದ ಸಾಫ್ಟ್‌ವೇರ್ ಭಾಗವನ್ನು ಸಣ್ಣ ತುಂಡುಗಳ (ಎಲಿಮೆಂಟ್) ಬಲೆಯಾಗಿ (ಮೆಶ್) ಒಡೆಯುತ್ತದೆ; ಅಲ್ಲಿ ಒತ್ತಡವನ್ನು ಬೇರೆಯಾಗಿ ಲೆಕ್ಕ ಹಾಕುವ ಹೈಬ್ರಿಡ್ ಎಲಿಮೆಂಟ್ ಬಳಸಿ, ಇಲ್ಲದಿದ್ದರೆ ಮೆಶ್ ಬಿಗಿದು ಕೂರುತ್ತದೆ. ಕೊನೆಗೆ ನಿಜವಾದ ಮೌಂಟಿಂಗನ್ನೇ ಪ್ರೆಸ್‌ಗೆ ಹಾಕಿ, ಬಲ ಮತ್ತು ಕುಸಿತದ ಗೆರೆಯನ್ನು ಲೆಕ್ಕದ ಗೆರೆಯ ಮೇಲಿಟ್ಟು ನೋಡುತ್ತೇವೆ. ಕಾಂಪೌಂಡ್ ಬದಲಾದರೆ ಟೆಸ್ಟ್‌ಗಳೆಲ್ಲ ಮತ್ತೆ ಮೊದಲಿಂದ.