ಅಪ್ಪನ ಕಂಪ್ಯೂಟರು, ಹಳೇ ಕರ್ನಲ್ಲು

ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಕರೆಂಟು ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಅಂತ ಹೇಳೋ ಹಾಗಿಲ್ಲ. ಊರಮನೆಯ ಹಳೇ ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲ. ಕರೆಂಟ್ ಬಂದ ಕೂಡಲೇ ತಾನಾಗೇ ಎದ್ದು ಕೂರುತ್ತೆ, ಅಪ್ಪ ಬಂದು ಅಡಿಕೆಯ ರಾಶಿ, ಬೆಟ್ಟೆ ರೇಟು ನೋಡ್ಕೊಂಡು ಹೋಗ್ತಾರೆ.

ಸುಮ್ಮನಿರಲಾರದೆ ಇರುವೆ ಬಿಟ್ಕೊಂಡೋನು ನಾನು. ಅದರಲ್ಲಿರೋದು ಉಬುಂಟು 22.04 ಅನ್ನೋ ಲಿನಕ್ಸ್. ಅದರ ತಿರುಳಾದ ಕರ್ನಲ್ಲಿನ 5.15 ಆವೃತ್ತಿ ಚೆನ್ನಾಗೇ ಓಡ್ತಿತ್ತು, ಹೊಸ 6.8 ಹಾಕಿದೆ. ಯುಎಸ್‌ಬಿ ವೈಫೈ ಕಡ್ಡಿಯ ಹಳೇ ಡ್ರೈವರ್ ಅದರ ಜೊತೆ ಕಂಪೈಲೇ ಆಗಲಿಲ್ಲ, ನೆಟ್ ಹೋಯ್ತು. ಬೂಟ್ ಆಗುವಾಗ ಶಿಫ್ಟ್ ಹಿಡಿದು ಮೆನುವಿನಲ್ಲಿ 5.15 ಆರಿಸಿದರೆ ನೆಟ್ ಬರುತ್ತೆ, ನಿಜ. ಆದರೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಸೋ ಗಡಿಬಿಡಿಯಲ್ಲಿರೋ ಅಪ್ಪನಿಗೆ ಅದನ್ನ ಫೋನಲ್ಲಿ ಹೇಳೋದು ಹೇಗೆ?

ಶಿವಮೊಗ್ಗಕ್ಕೆ ಹೊರಡೋ ಅವಸರದಲ್ಲಿ, ಈ ಬೂಟ್ ಮೆನು ತೋರಿಸೋ ಗ್ರಬ್ ಪ್ರೋಗ್ರಾಮಿನ /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲಿನಲ್ಲಿ 'ಗ್ರಬ್_ಡೀಫಾಲ್ಟ್=2' ಅಂತ ಬರೆದು, ಅದು ಜಾರಿಗೆ ಬರಲಿ ಅಂತ ಅಪ್‌ಡೇಟ್-ಗ್ರಬ್ ಕೊಟ್ಟು ಬಸ್ ಹತ್ತಿದೆ. ಗ್ರಬ್ ಎಣಿಸೋದು ಸೊನ್ನೆಯಿಂದ. ನಮ್ಮ ಮೆನುವಿನಲ್ಲಿ 0 ಉಬುಂಟು, 1 ಅಡ್ವಾನ್ಸ್ಡ್ ಆಪ್ಷನ್ಸ್, 2 ಮೆಮೊರಿ ಟೆಸ್ಟ್! ನೀಲಿ ಪರದೆ ನೋಡಿ ಅಪ್ಪ ಏನೋ ಅಪ್‌ಡೇಟ್ ಅಂತ ಅರ್ಧ ಗಂಟೆ ಕಾದರಂತೆ.

ಹಳೇ ಕರ್ನಲ್ ಇರೋದು ಸಬ್‌ಮೆನುವಿನ ಒಳಗೆ. ಅಲ್ಲಿ 0 ಹೊಸದು, 1 ಅದರ ರಿಕವರಿ, 2 ನಮ್ಮ 5.15. ಹಾಗಾಗಿ '1>2' ಅನ್ನಬೇಕು, ಅಂದ್ರೆ 1ರ ಒಳಗಿನ 2. ಮುಂದಿನ ವಾರ ಹೋದಾಗ ಡೀಫಾಲ್ಟನ್ನ 'ಸೇವ್ಡ್' (ಉಳಿಸಿಟ್ಟ ಆಯ್ಕೆ) ಮಾಡಿ, ಅಪ್‌ಡೇಟ್-ಗ್ರಬ್ ಕೊಟ್ಟೆ. ಆಮೇಲೆ ಆ ಆಯ್ಕೆ ಉಳಿಸೋಕೆ 'ಗ್ರಬ್-ಸೆಟ್-ಡೀಫಾಲ್ಟ್ 1>2' ಅಂತ ಕೋಟ್ ಹಾಕದೆ ಹೊಡೆದೆ. ಕಮಾಂಡ್ ಓದೋ ಶೆಲ್ಲಿಗೆ '>' ಅಂದ್ರೆ ಫೈಲಿಗೆ ಬರಿ ಅಂತ ತಾನೆ? ಹೋಮ್ ಫೋಲ್ಡರಿನಲ್ಲಿ '2' ಅನ್ನೋ ಫೈಲ್ ಹುಟ್ಟಿತ್ತು, ಆಯ್ಕೆ ಮಾತ್ರ ಉಳೀಲಿಲ್ಲ.

ಕೊನೆಗೆ ಸಂಖ್ಯೆಯ ಸಹವಾಸವೇ ಬಿಟ್ಟೆ. ಇನ್ನೊಂದು ಕರ್ನಲ್ ಬಂದ್ರೆ ಸಾಲು ಕೆಳಗೆ ಜರುಗುತ್ತೆ, 2 ಇನ್ಯಾವುದೋ ಆಗುತ್ತೆ. ಗ್ರಬ್.ಸಿಎಫ್‌ಜಿ ಫೈಲಿನಿಂದ ಸಬ್‌ಮೆನು ಹೆಸರು, ನಡುವೆ '>', ಕರ್ನಲ್ ಸಾಲಿನ ಪೂರ್ತಿ ಹೆಸರು, ಎಲ್ಲಾ ಕೋಟ್ ಒಳಗೆ ಹಾಕಿದೆ. ಈ ಸಲ ಮೊದಲು ಗ್ರಬ್-ರೀಬೂಟ್ ಕೊಟ್ಟೆ. ಅದು ಒಂದೇ ಬೂಟಿಗೆ ಅನ್ವಯ, ಎಡವಟ್ಟಾದ್ರೂ ಅಂಜಿಕೆ ಇಲ್ಲ. ಓಡ್ತಿರೋ ಕರ್ನಲ್ ಯಾವುದು ಅಂತ ತೋರಿಸೋ ಯುನೇಮ್ -ಆರ್ 5.15 ಅಂದಮೇಲೇ ಗ್ರಬ್-ಸೆಟ್-ಡೀಫಾಲ್ಟ್. ಬೇಡದ ಪ್ಯಾಕೇಜು ತೆಗೆಯೋ ಆಟೋರಿಮೂವ್ ಅದನ್ನ ಗುಡಿಸಿ ಹಾಕದಿರಲಿ ಅಂತ ಆ ಕರ್ನಲ್ಲಿನ ಇಮೇಜ್, ಮಾಡ್ಯೂಲ್ ಪ್ಯಾಕೇಜುಗಳಿಗೆ, ನಾನೇ ಹಾಕಿದ್ದು ಅಂತ ಗುರುತಿಸೋ ಆಪ್ಟ್-ಮಾರ್ಕ್ ಮ್ಯಾನುಯಲ್ ಕೂಡ ಹೊಡೆದೆ.

ಮೇನ್ ಸ್ವಿಚ್ ಇಳಿಸಿ ಏರಿಸಿದೆ. ಮೈಲುತುತ್ತದ ನೀಲಿ ಕೈಯಲ್ಲೇ ಬಂದ ಅಪ್ಪ ಪರದೆ ನೋಡಿ, "ರಾಶಿ ಇಳಿದಿದೆಯಲ್ಲೋ" ಅಂದ್ರು.