ಮೂರು ಚಾನೆಲ್ ಗಿಟಾರ್ ಆಂಪ್: ಕೊಳ್ಳುವ ಮುನ್ನ, ಕೊಂಡ ಮೇಲೆ

ಕುವೆಂಪುನಗರದ ನಮ್ಮ ಮಹಡಿ ಕೋಣೆಗೆ 100 ವಾಟ್‌ನ ಮೂರು ಚಾನೆಲ್ ವಾಲ್ವ್ ಆಂಪ್ (ಗಾಜಿನ ವಾಲ್ವ್‌ಗಳಿಂದ ಗಿಟಾರ್ ದನಿ ಹಿಗ್ಗಿಸುವ ಪೆಟ್ಟಿಗೆ; ಒಂದೊಂದು ಬಗೆಯ ದನಿಗೆ ಒಂದೊಂದು ಚಾನೆಲ್) ಹೊತ್ತು ತಂದ ದಿನ ಮಾಸ್ಟರ್ ವಾಲ್ಯೂಮ್ 1ನ್ನು ದಾಟಲೇ ಇಲ್ಲ. ಪಕ್ಕದ ಮನೆಯ ಹುಡುಗಿ ಪಿಯುಸಿ ಪರೀಕ್ಷೆಗೆ ಓದುತ್ತಿದ್ದಳು. ಅಂಗಡಿಯಲ್ಲಿ ಎದೆಗೆ ತಾಕಿದ್ದ ಕ್ರಂಚ್, ಅಂದರೆ ತುಸು ಒಡೆದ ಒರಟು ದನಿ, ಇಲ್ಲಿ ಕಂಬಳಿ ಹೊದಿಸಿದ ಹಾಗೆ ಮಂಕಾಗಿತ್ತು. ಆಂಪ್ ಕೆಟ್ಟಿದೆ ಎಂದು ಎರಡು ವಾರ ಕೊರಗಿದೆ. ಆಂಪ್ ಸರಿಯಾಗಿಯೇ ಇತ್ತು. ಅದರಿಂದ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಮೊದಲೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಆ ಕೊರಗು ತಪ್ಪುತ್ತಿತ್ತು. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಒಂದು ಹಾಳೆ ತೆಗೆದುಕೊಂಡು, ನೀವು ನಿಜವಾಗಿ ನುಡಿಸುವ ಹತ್ತು ಹಾಡು ಬರೆಯಿರಿ. ಮುಂದೆಂದೋ ನುಡಿಸಬೇಕೆಂದಿರುವುದು ಬೇಡ. ಪ್ರತಿ ಹಾಡಿನ ಮುಂದೆ ಕ್ಲೀನ್ (ಒಡೆಯದ ತಿಳಿ ದನಿ), ಕ್ರಂಚ್ ಅಥವಾ ಲೀಡ್ (ತುಂಬಾ ಒಡೆದ ದನಿ) ಎಂದು ಗುರುತು ಹಾಕಿ. ನಮ್ಮ ಬ್ಯಾಂಡಿನ ಪಟ್ಟಿಯಲ್ಲಿ ಏಳು ಹಾಡು ಕ್ಲೀನ್ ಆಗಿದ್ದವು. ನಾನು ಆಂಪ್ ಆರಿಸಿದ್ದು ಮಾತ್ರ ಲೀಡ್ ಕೇಳಿ.

ಚಾನೆಲ್ ಬದಲಿಸಿದಾಗ ಸಾಮಾನ್ಯವಾಗಿ ಬದಲಾಗುವುದು ಪ್ರಿಆಂಪ್, ಅಂದರೆ ದನಿಗೆ ಮೊದಲ ರೂಪ ಕೊಡುವ ಭಾಗ ಮಾತ್ರ. ಪವರ್ ವಾಲ್ವ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್, ಮರದ ಪೆಟ್ಟಿಗೆ ಎಲ್ಲವೂ ಅವೇ. ಫೆಂಡರ್ ಕಂಪನಿಯ ಟ್ವಿನ್ ರಿವರ್ಬ್ ಆಂಪ್‌ನ ತಿಳಿಯಾದ ಕ್ಲೀನ್ ಹುಟ್ಟುವುದು 6ಎಲ್6 ವಾಲ್ವ್, ಹಿಂಬದಿ ತೆರೆದ ಪೆಟ್ಟಿಗೆ, ಎರಡು 12 ಇಂಚಿನ ಸ್ಪೀಕರ್ ಸೇರಿ. ಮಾರ್ಷಲ್ ಕಂಪನಿಯ ಆಂಪ್‌ಗಳ ಗಡಸು ದನಿಗೆ ಇಎಲ್34 ವಾಲ್ವ್, ಹಿಂಬದಿ ಮುಚ್ಚಿದ ನಾಲ್ಕು ಸ್ಪೀಕರ್‌ಗಳ ಪೆಟ್ಟಿಗೆ. ಕಾಲಿನಿಂದ ಚಾನೆಲ್ ಬದಲಿಸುವ ಫುಟ್‌ಸ್ವಿಚ್ ಒತ್ತಿದ ಮಾತ್ರಕ್ಕೆ ಒಂದು ಇನ್ನೊಂದಾಗದು. ಒಂದೇ ಕಂಠದಲ್ಲಿ ಮೂರು ರಾಗ ಹಾಡಿದ ಹಾಗೆ: ರಾಗ ಬೇರೆ, ಕಂಠ ಅದೇ. ಹಾಗಾಗಿ ನಿಮ್ಮ ಹಾಳೆಯಲ್ಲಿ ಹೆಚ್ಚು ಗುರುತು ಬಿದ್ದ ಚಾನೆಲ್ ಮನಸ್ಸಿಗೆ ಒಪ್ಪಬೇಕು. ಉಳಿದೆರಡು ಕೆಲಸಕ್ಕೆ ಒದಗಿದರೆ ಸಾಕು.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿ) ಇರುವವರು ಅಂಗಡಿಯ ಹಂಬಕರ್ (ಜೋಡಿ ಸುರುಳಿಯ ಪಿಕಪ್) ಗಿಟಾರ್‌ನಲ್ಲಿ ಪರೀಕ್ಷಿಸಿದರೆ ಮನೆಯಲ್ಲಿ ಬೇರೆಯದೇ ಆಂಪ್ ಕೇಳಿಸುತ್ತದೆ. ಎಲ್ಲಾ ನಾಬ್ ಮಧ್ಯಕ್ಕೆ ತಂದು ಕ್ಲೀನ್‌ನಿಂದ ಶುರು ಮಾಡಿ. ದನಿ ಹಿತವಾಗುವಷ್ಟು ಬಾಸ್ (ತಗ್ಗಿನ ದನಿ) ಏರಿಸಿ, ನಾಬ್ ಮುಟ್ಟದೆ ಲೀಡ್‌ಗೆ ಹಾರಿ, ಅಂಗೈ ಅಂಚನ್ನು ಬ್ರಿಡ್ಜ್ ಮೇಲಿಟ್ಟು ದಪ್ಪ ತಂತಿಯನ್ನು ಬೇಗ ಬೇಗ ಮೀಟಿ. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆಯೇ, ಕೆಸರಲ್ಲಿ ಕಾಲಿಟ್ಟ ಹಾಗೆ ಕಲಸಿಹೋಗುತ್ತದೆಯೇ? ಎಲ್ಲಾ ಚಾನೆಲ್‌ಗೂ ಒಂದೇ ಬಾಸ್-ಮಿಡ್-ಟ್ರೆಬಲ್ ಇರುವ ಆಂಪ್‌ಗಳಲ್ಲಿ ಹೆಚ್ಚಾಗಿ ಕಲಸಿಹೋಗುತ್ತದೆ. ಮೆಸಾ ಬೂಗಿ ಕಂಪನಿಯ ಮಾರ್ಕ್ ಸರಣಿಯ ಆಂಪ್‌ಗಳಲ್ಲಿ ಈ ನಾಬ್‌ಗಳ ಜಾಗವೇ ದನಿಯನ್ನು ಹಿಗ್ಗಿಸಿ ಒಡೆಯುವ ಗೇನ್ ಹಂತಗಳಿಗಿಂತ ಮುಂಚೆ. ಅಲ್ಲಿ ಬಾಸ್ ಏರಿಸಿದರೆ ಆ ಬಾಸೇ ಡಿಸ್ಟಾರ್ಶನ್ ಆಗಿ ಹರಡುತ್ತದೆ, ಅದಕ್ಕೇ ಬಳಸುವವರು ಬಾಸನ್ನು ತೀರಾ ಕೆಳಗಿಡುತ್ತಾರೆ. ಪ್ರತಿ ಚಾನೆಲ್‌ಗೂ ಬೇರೆ ಬೇರೆ ನಾಬ್ ಇರುವ ಆಂಪ್‌ಗೆ ಸ್ವಲ್ಪ ಹೆಚ್ಚು ಹಣ ಕೊಡುವುದು ನನ್ನ ಮಟ್ಟಿಗೆ ನ್ಯಾಯವೇ. ಚಾನೆಲ್‌ನಿಂದ ಚಾನೆಲ್‌ಗೆ ಹೋದಾಗ ದನಿಯ ಮಟ್ಟ ಎಗರಿಬೀಳದಂತೆ ಹೊಂದಿಸಲು ಬರುತ್ತದೆಯೇ ಎಂಬುದನ್ನೂ ಅಲ್ಲೇ ನೋಡಿ.

ವಾಟ್ ಲೆಕ್ಕ ಹಲವರನ್ನು ದಾರಿ ತಪ್ಪಿಸುತ್ತದೆ. 50 ವಾಟ್‌ಗೂ 100 ವಾಟ್‌ಗೂ ಇರುವ ವ್ಯತ್ಯಾಸ ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಸರಸ್ವತಿಪುರಂನಲ್ಲಿರಲಿ, ಮಂಡ್ಯದ ಅಶೋಕನಗರದಲ್ಲಿರಲಿ, ಮನೆ ಮನೆಗೆ ಗೋಡೆ ತಾಗಿದ ಕಡೆ 100 ವಾಟ್ ಅರಳುವುದಿಲ್ಲ. ಇದಕ್ಕೆ ಕಾರಣ ನಮ್ಮ ಕಿವಿಯಲ್ಲೂ ಇದೆ. ದನಿ ಸಣ್ಣದಾದಂತೆ ಕಿವಿ ಬಾಸನ್ನು, ಸ್ವಲ್ಪ ಮಟ್ಟಿಗೆ ಟ್ರೆಬಲನ್ನೂ ಕಡಿಮೆ ಹಿಡಿಯುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಇದನ್ನು ಅಳೆದು ತೋರಿಸಿದ್ದು 1933ರಲ್ಲಿ. ನನ್ನ ಕ್ರಂಚ್ ಮಂಕಾದದ್ದು ಮುಖ್ಯವಾಗಿ ಹೀಗೆ. ಜೊತೆಗೆ ಪವರ್ ವಾಲ್ವ್‌ಗಳಿಗೆ ಅಷ್ಟು ಸಣ್ಣ ದನಿಯಲ್ಲಿ ಹೆಚ್ಚು ಕೆಲಸವೇ ಇರಲಿಲ್ಲ. ಮನೆಯಲ್ಲೇ ಹೆಚ್ಚು ನುಡಿಸುವವರು ವಾಟ್ ಇಳಿಸುವ ಸ್ವಿಚ್ ಇರುವ ಆಂಪನ್ನೇ ಕೇಳಿ. ಬಾಸ್ (Boss) ಕಂಪನಿಯ ಕಟಾನಾದ ಹಾಗೆ 100 ವಾಟನ್ನು ಅರ್ಧ ವಾಟ್‌ಗೆ ಇಳಿಸಿಕೊಳ್ಳಬಹುದಾದ ಆಂಪ್‌ಗಳಿವೆ.

ವಿದ್ಯುತ್ತಿನ ವಿಷಯ ಬೇಗ ಹೇಳಿಬಿಡುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ವಿದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಆಂಪ್ ಆದರೆ ಹಿಂಬದಿಯಲ್ಲಿ 120 ವೋಲ್ಟ್ ಎಂದಿದೆಯೇ ನೋಡಿ, ನಮ್ಮದು 230. ಹಳೇ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಪರೀಕ್ಷೆ ಮಾಡಿಸಿ. ಹಮ್ (ಗುಂಯ್ ಎನ್ನುವ ಸದ್ದು) ಬರುತ್ತದೆಂದು ಅರ್ತ್ ಪಿನ್ ಕಿತ್ತುಹಾಕುವವರನ್ನು ಕಂಡಿದ್ದೇನೆ, ಅದು ಜೀವಕ್ಕೇ ಅಪಾಯ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ಆನ್ ಮಾಡಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು.

ತಂದ ಮೇಲೆ ಒಂದು ತಿಂಗಳು ಒಂದೇ ಚಾನೆಲ್‌ನಲ್ಲಿ ನುಡಿಸಿ. ಗಿಟಾರ್‌ನ ವಾಲ್ಯೂಮ್ ನಾಬ್ 10ರಿಂದ 6ಕ್ಕೆ ಇಳಿಸಿದರೆ ಕ್ರಂಚ್ ಚಾನೆಲ್ ಎಷ್ಟು ತಿಳಿಯಾಗುತ್ತದೆ ಎಂದು ಕೇಳಿ. ನನಗೆ ಅದು ಗೊತ್ತಾದ ಸಂಜೆ ಫುಟ್‌ಸ್ವಿಚ್ ಬದಿಗಿಟ್ಟೆ. ಈಗ ಕ್ಲೀನ್‌ಗೆ ದನಿಯನ್ನು ತುಸು ಒಡೆಯುವ ಒಂದು ಓವರ್‌ಡ್ರೈವ್ ಪೆಡಲ್ ಹಾಕಿ ಹತ್ತರಲ್ಲಿ ಒಂಬತ್ತು ಹಾಡು ನುಡಿಸುತ್ತೇನೆ. ಆ ಕೊನೆಯ ಒಂದು ಹಾಡಿಗೆ, ರಿಹರ್ಸಲ್ ಕೋಣೆಯಲ್ಲಿ, ಮಾಸ್ಟರ್ 4ಕ್ಕೆ ತಿರುಗಿಸಿ ಲೀಡ್ ಚಾನೆಲ್ ಒತ್ತುತ್ತೇನೆ.