ಕೌದಿಯ ಮೂಲೆಯಲ್ಲಿ ಮುದುಡುತ್ತಿದ್ದ ಫ್ರಿಲ್

ಮಗುವಿನ ಕೌದಿಯ ಅಂಚಿಗೆ ಹಳೇ ಹತ್ತಿ ಸೀರೆಯ ಪಟ್ಟಿಗೆ ನೆರಿಗೆ ಹಿಡಿದು ಫ್ರಿಲ್ ಕೊಡುತ್ತಿದ್ದೆ. ನೆರಿಗೆ ಎಳೆಯುವಾಗ ದಾರ ಪಟ್ಟನೆ ತುಂಡಾಗುತ್ತಿತ್ತು. ಮೂಲೆಗಳಲ್ಲಿ ಫ್ರಿಲ್ ಒಳಕ್ಕೆ ಮುದುಡಿಕೊಳ್ಳುತ್ತಿತ್ತು.

ದಾರದ ತೊಂದರೆ ಬೇಗ ಮುಗಿಯಿತು. ಪಟ್ಟಿಯ ಅಂಚಿನ ಮೇಲೆ ದಪ್ಪ ಕ್ರೋಶಾ ದಾರ ಇಟ್ಟು, ಸೂಜಿ ಅದಕ್ಕೆ ಚುಚ್ಚದ ಹಾಗೆ ಅಗಲವಾಗಿ ಜಿಗ್‌ಜಾಗ್ ಹೊಲಿದೆ. ಈಗ ದಾರ ಎಳೆದರೆ ನೆರಿಗೆ ಸಲೀಸಾಗಿ ಕೂಡಿಕೊಳ್ಳುತ್ತದೆ.

ಮೂಲೆ ಮಾತ್ರ ತಲೆ ತಿಂದಿತು. ಕೌದಿ 4 ಅಡಿ ಅಗಲ, 5 ಅಡಿ ಉದ್ದ. ಸುತ್ತಳತೆ 18 ಅಡಿ. ಅದರ ಎರಡು ಪಟ್ಟು, ಅಂದರೆ 36 ಅಡಿ ಪಟ್ಟಿ ನೇರ ಅಂಚಿಗೆ ಸಾಕು, ಮೂಲೆಗೆ ಸಾಲದು. ಫ್ರಿಲ್‌ನ ಹೊರ ಅಂಚು ಅಲ್ಲಿ ದೊಡ್ಡ ಸುತ್ತು ಹಾಕಬೇಕು ಅಲ್ವಾ? ಅದಕ್ಕೇ 2 ಅಡಿ ಜಾಸ್ತಿ ಸೇರಿಸಿದೆ. ಊಟದ ತಟ್ಟೆ ಇಟ್ಟು ಮೂಲೆಗಳನ್ನು ದುಂಡಗೆ ಕತ್ತರಿಸಿದೆ. ಕೌದಿಯನ್ನೂ ಪಟ್ಟಿಯನ್ನೂ ನಾಲ್ಕು ಸಮ ಭಾಗ ಮಾಡಿ, ಗುರುತಿಗೆ ಗುರುತು ಕೂಡಿಸಿ ಪಿನ್ ಹಾಕಿದೆ. ಆಮೇಲೆ ನೆರಿಗೆಯನ್ನು ಬೆರಳಿಂದ ಸರಿಸುತ್ತಾ ಮೂಲೆಯಲ್ಲಿ ಒತ್ತೊತ್ತಾಗಿ ಕೂರಿಸಿದೆ. ನಾಲ್ಕೂ ಮೂಲೆ ಈಗ ಚೆಂದವಾಗಿ ಹರಡಿಕೊಂಡಿವೆ.

(ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಕೌದಿಯ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೂವು ಕೂರಿಸುತ್ತಾರೆ. ಎಷ್ಟು ಜಾಣತನ!)

ಫ್ರಿಲ್ ಬದಲು ಹತ್ತಿ ಲೇಸ್ ಹಾಕುವುದಾದರೆ ಮೊದಲೇ ನೆನೆಸಿ ಒಣಗಿಸಿಕೊಳ್ಳಿ. ಇಲ್ಲದಿದ್ದರೆ ಒಗೆದಾಗ ಅದು ಕುಗ್ಗಿ ಇಡೀ ಅಂಚನ್ನು ಜಗ್ಗುತ್ತದೆ.